ನಿಂಬೆ ಮೊದಲು ಓಡುತ್ತದೆ

"ಇದಲ್ರಿ ಅಕ್ಕಾರ," ಎಂದು ಕಂಡಕ್ಟರ್ ಅಂಜಿನೇಯಲು ಕರವಸ್ತ್ರವನ್ನು ಮೂಗಿನಿಂದ ದೂರ ಹಿಡಿದ. "ಇದು ತಣ್ಣಗ ಐತಿ. ಸೋಮವಾರ ನನ್ನ ಬಸ್ಸಿನ್ಯಾಗ ಬಂದ ವಾಸನಿ ಹಿಂಗಿರಲಿಲ್ಲ. ಮೂಗಿನ ಕಪಾಳಕ್ಕ ಹೊಡದಂಗ ಇತ್ತು."

"ಮೂಗಿಗೆ ಕಪಾಳ ಎಲ್ಲಿರತೈತೋ ಮಾರಾಯ?" ಎಂದ ಬಾಗಿಲಿಗೆ ಒರಗಿ ನಿಂತಿದ್ದ ದಾದಾಪೀರ್.

"ನೀ ಸುಮ್ಕಿರು," ಎಂದಳು ನಾಗಲಿಂಗಮ್ಮ.

ಪತ್ತೇದಾರಿಕೆ ಎಂದರೆ ಕಂಡವರ ಮನೆಯಲ್ಲಿ ಮೂಗು ತೂರಿಸುವುದು ಎಂದು ಅವಳನ್ನು ಆಡಿಕೊಳ್ಳುವವರು ಕೂಡ್ಲಿಗಿಯಲ್ಲಿ ಬೇಕಾದಷ್ಟಿದ್ದರು. ಇವತ್ತು ಅವಳು ಸೈಮಾಳ ಅತ್ತರಿನ ಅಂಗಡಿಗೆ ಕಂಡಕ್ಟರನ ಮೂಗನ್ನೇ ಬಾಡಿಗೆಗೆ ತಂದಿದ್ದಳು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳಿಗೆ ಸುಳ್ಳಿನ ವಾಸನೆ ಹಿಡಿಯುವುದು ಬರುತ್ತಿತ್ತು. ಅತ್ತರಿನ ವಾಸನೆ ಅವಳ ಪಠ್ಯದಲ್ಲಿರಲಿಲ್ಲ. ದಾದಾಪೀರ್ ಅವಳ ಓಮ್ನಿ ವ್ಯಾನಿಗೆ ಮೆಕ್ಯಾನಿಕ್, ಡ್ರೈವರ್, ಮತ್ತು ಯಾರೂ ಕೇಳದಿದ್ದರೂ ಮಿಮಿಕ್ರಿ ಕಲಾವಿದ.

ಹಂಪಸಾಗರದ ಸುಕನ್ಯಾ ಸೋಮವಾರದಿಂದ ಕಾಣೆ. ಇವತ್ತು ಶುಕ್ರವಾರ. ಗಂಡ ಹಾಲಸ್ವಾಮಿ ಆರು ತಿಂಗಳ ಹಿಂದೆ ಹಿನ್ನೀರಿನ ದಂಡೆಯ ಪಂಪ್‌ಸೆಟ್ ನೋಡಲು ಹೋಗಿ ನೀರುಪಾಲಾಗಿದ್ದ. ಆಮೇಲೆ ಅತ್ತೆಯ ಜೊತೆಗೇ ಇದ್ದು ಬ್ಲೌಸ್ ಹೊಲಿಯುತ್ತಿದ್ದ ಹೆಣ್ಣುಮಗಳು ಬಸ್ಸು ಹತ್ತಿ ಕೂಡ್ಲಿಗಿಯಲ್ಲಿ ಇಳಿದಳು ಎಂಬುದಷ್ಟೇ ಊರಿಗೆಲ್ಲ ಗೊತ್ತಿದ್ದ ಸಂಗತಿ.

"ನೀ ನೋಡಿದ್ದು ಆಕಿನ್ನ ಹೌದೇನು?" ನಾಗಲಿಂಗಮ್ಮ ಕೇಳಿದಳು.

"ಫ್ರೀ ಟಿಕೇಟಿಗೆ ಆಧಾರ್ ತೋರಿಸಿದ್ಲಲ್ರಿ. ಸುಕನ್ಯಾ ಅಂತ ಇತ್ತು. ಮುಖಕ್ಕ ಮಾಸ್ಕು, ತಲಿ ತುಂಬ ಸೆರಗು. ಆಧಾರಿನ ಫೋಟೋ ಯಾರಿಗೆ ಹೋಲತೈತಿ ಹೇಳ್ರಿ ಅಮ್ಮಾ? ನಂದು ನೋಡಿದ್ರ ನನ್ನ ಹೆಂಡ್ತಿನ ಬಾಗಲಾ ತಗಿಯಂಗಿಲ್ಲ."

"ಆಧಾರ ಐತಿ, ಪುರಾವೆ ಇಲ್ಲ," ಎಂದು ದಾದಾಪೀರ್ ಗೊಣಗಿದ.

"ಮತ್ತೇನರ ನೆನಪೈತೇನು?"

"ಇಳಿಯಾಗ ಸೀರಿ ತೊಡಕಿ ಬಿದ್ಲು ಪಾಪ. ಬಲಗೈ ಊರಿದ್ಲು. ಕೈ ಹಿಡದು ಎಬ್ಬಿಸಾಕ ಹೋದ್ರ ಹಿಂದ ಸರದ್ಲು. ಒಂದ ಮಾತಾಡ್ಲಿಲ್ಲ. ಹೋಗೇ ಬಿಟ್ಲು. ವಾಸನಿ ಮಾತ್ರ ಚಿತ್ರದುರ್ಗದ ತನ ನಮ್ಮ ಜೊತಿನ ಬಂತು."

ಸೈಮಾ ಕಪಾಟಿನಿಂದ ಒಂದು ಪುಟ್ಟ ಸೀಸೆ ತೆಗೆದಳು. ಕಡ್ಡಿಗೆ ಸುತ್ತಿದ ಹತ್ತಿಯನ್ನು ಅದರಲ್ಲಿ ಅದ್ದಿ ಅಂಜಿನೇಯಲುವಿನ ಮುಂದೆ ಹಿಡಿದಳು.

"ಇದ! ಇದ ಇದು!" ಅವನು ತಲೆ ಹಿಂದಕ್ಕೆ ಎಳೆದುಕೊಂಡ. "ಥೇಟ್ ಇದ ಕಪಾಳ!"

ಬಸ್ಸಿನ ಹೊತ್ತಾಯಿತೆಂದು ಅವನು ಹೊರಟುಹೋದ ಮೇಲೂ ಸೈಮಾ ಆ ಕಡ್ಡಿಯನ್ನು ಹಿಡಿದೇ ನಿಂತಿದ್ದಳು. 

ನಾಗಲಿಂಗಮ್ಮ ಕರವಸ್ತ್ರವನ್ನು ಮೂಸಿದಳು, ಆಮೇಲೆ ಕಡ್ಡಿಯನ್ನು. ಕರವಸ್ತ್ರ ಸುಕನ್ಯಾಳದು. ಹೊಲಿಗೆ ಯಂತ್ರದ ಮುಂದೆ ಕೂತು ಹಣೆಯ ಬೆವರು ಒರೆಸಿಕೊಂಡದ್ದು. ಹುಡುಕುವ ಕೆಲಸ ಒಪ್ಪಿಸಿದ ಅವಳ ಅಣ್ಣ ಗುರುಬಸವರಾಜನೇ ತಂದು ಕೊಟ್ಟಿದ್ದ.

"ಸೈಮಾ, ಆಕಿಗೆ ನೀ ಮಾಡಿಕೊಟ್ಟ ಅತ್ತರು ಇದ ಸೀಸ್ಯಾಂದು ಹೌದಿಲ್ಲೋ?"

"ಹೌದ್ರಿ ಮೇಡಂ."

"ಅಂಥಾದ್ದು ಬ್ಯಾರೆ ಯಾರಿಗ್ಯಾರ ಕೊಟ್ಟೀಯೇನು?"

"ಒಬ್ಬರಿಗೆ ಕೊಟ್ಟಿದ್ದು ಇನ್ನೊಬ್ಬರಿಗೆ ಕೊಡಂಗಿಲ್ಲರಿ. ನಾ ಮೊದ್ಲು ಒಂದ ಮಾತು ಕೇಳ್ತೀನಿ. ನೀವು ಬಂದಿದ್ದು ಯಾರಿಗೆ ಗೊತ್ತಾಗಬೇಕು ಅಂತ. ಕೆಲವರು ಮದಿವಿ ಮನಿಗೆಲ್ಲಾ ಗೊತ್ತಾಗ್ಬೇಕು ಅಂತಾರ, ಅವ್ರಿಗೆ ಸಂಪಿಗಿ. ಕೆಲವರು ನಾ ಎದ್ದು ಹೋದ ಮ್ಯಾಲ ಗೊತ್ತಾಗ್ಬೇಕು ಅಂತಾರ, ಅವ್ರಿಗೆ ಕಸ್ತೂರಿ."

"ಸುಕನ್ಯಾ ಏನಂದ್ಲು?"

"ನನಗ ಅಷ್ಟ ಗೊತ್ತಾದ್ರ ಸಾಕು ಅಂದ್ಲರಿ." ಸೈಮಾ ಕಣ್ಣೊರೆಸಿಕೊಂಡಳು. "ಲಾವಂಚ, ಮಣ್ಣಿನ ಅತ್ತರು, ಮ್ಯಾಲ ಒಂದೀಟು ನಿಂಬಿ. ನಿಂಬಿ ಮೊದ್ಲು ಓಡಿ ಹೋಕೈತಿ. ಮುಂಜಾನಿ ಹಚ್ಚಿದ್ರ ಸಂಜಿಗೆ ಇರಂಗಿಲ್ಲ. ಲಾವಂಚ ವಾರಗಟ್ಟಲೆ ಕುಂದರತೈತಿ."

"ಒಂದ ಅತ್ತರು, ಎರಡು ವಾಸನಿ ಹೆಂಗಾತು?"

ಸೈಮಾ ಬಾಗಿಲ ಕಡೆ ನೋಡಿದಳು. ಹೊರಗೆ ಬೇವಿನ ನೆರಳಲ್ಲಿ ಗುರುಬಸವರಾಜ ಫೋನು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ನಡೆಯುತ್ತಿದ್ದ.

"ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಟ್ಟೀನ್ರಿ."

"ಮಾತು ತಗೊಂಡಾಕಿ ಜೀವಂತ ಇದ್ರ ಆಮ್ಯಾಲ ಕ್ಷಮಾ ಕೇಳ್ಕೋ."

ಸೈಮಾ ದನಿ ತಗ್ಗಿಸಿದಳು. "ಗಂಡ ಸತ್ತಾಕಿ ಹೂವ ಮುಡಿಯಂಗಿಲ್ಲ, ಸೆಂಟು ಹಚ್ಚಂಗಿಲ್ಲ ಅಂತ ಅತ್ತಿ ಮಾತು. ಹಣಿಗೆ ಈಬತ್ತಿ ಹಚ್ಚಾಕ ಯಾರೂ ಬ್ಯಾಡ ಅನ್ನಂಗಿಲ್ಲಲ್ರಿ? ದಿನಾ ಮುಂಜಾನಿ ಈಬತ್ತಿ ಉಂಡಿ ಮ್ಯಾಲ ಒಂದು ಹನಿ ಬಿಟ್ಕೊಂತಿದ್ಲು. ಅದನ್ನ ಹಣಿಗೆ ಹಚ್ಕೊಂತಿದ್ಲು. ಮಠದ ಈಬತ್ತಿ, ಅದ್ಕ ಘಮ್ ಅಂತೈತಿ ಅಂತ ಹೇಳ್ತಿದ್ಲಂತ ಮನ್ಯಾಗ."

ಅತ್ತೆಗೆ ತಿಳಿಯದ ಅತ್ತರು. ವಿಭೂತಿಯಲ್ಲಿ ಬೆರೆತಾಗ ಅದು ತಣ್ಣಗಾಗುತ್ತಿತ್ತು, ಮಳೆ ನಿಂತ ಅಂಗಳದ ಹಾಗೆ. ನೇರವಾಗಿ ಮೈಗೆ ಸುರಿದುಕೊಂಡರೆ ಅಂಜಿನೇಯಲುವಿನ ಕಪಾಳ.

ದಾದಾಪೀರನ ಮುಖದ ನಗೆ ಆರಿತು. "ಅಂದ್ರ, ಬಸ್ಸಿನ್ಯಾಗ ಕುಂತಿದ್ದಾಕಿ..."

"ಸುಕನ್ಯಾ ಅಲ್ಲ," ಎಂದಳು ನಾಗಲಿಂಗಮ್ಮ.

ಅಂಗಡಿಯ ಫ್ಯಾನು ತಿರುಗುತ್ತಲೇ ಇತ್ತು.  ಯಾರೋ ಒಬ್ಬಳು ಸುಕನ್ಯಾಳ ಸೀರೆ ಉಟ್ಟು, ಸುಕನ್ಯಾಳ ಕಾರ್ಡು ಹಿಡಿದು, ಸುಕನ್ಯಾಳ ವಾಸನೆಯನ್ನೇ ಮೈಗೆ ಬಳಿದುಕೊಂಡು ಬಸ್ಸು ಹತ್ತಿದ್ದಳು. ಹೆಂಗಸೊಬ್ಬಳ ಸೀರೆಯನ್ನೂ ವಾಸನೆಯನ್ನೂ ಹೀಗೆ ಕಿತ್ತುಕೊಂಡ ಮೇಲೆ ಆ ಹೆಂಗಸನ್ನು ಏನು ಮಾಡಿರುತ್ತಾರೆ?

"ಏನರ ಸುಳಿವು ಸಿಕ್ತೇನ್ರಿ ಅಕ್ಕಾರ?"

ಗುರುಬಸವರಾಜ ಹೊಸ್ತಿಲಲ್ಲಿ ನಿಂತಿದ್ದ. ಬಿಳಿ ಅಂಗಿ, ನಿದ್ದೆಯಿಲ್ಲದ ಕೆಂಪು ಕಣ್ಣು. ಕೊಟ್ಟೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿಟ್ಟ ಈ ಮನುಷ್ಯ ನಾಲ್ಕು ದಿನದಿಂದ ಅಂಗಡಿಯ ಬಾಗಿಲೇ ತೆಗೆದಿರಲಿಲ್ಲ.

"ಹಂಪಸಾಗರಕ್ಕ ಹೋಗೂಣು," ಎಂದಷ್ಟೇ ಹೇಳಿದಳು ನಾಗಲಿಂಗಮ್ಮ.

"ಆ ಮನ್ಯಾಗ ಏನೈತ್ರಿ? ನಾ ಎಲ್ಲಾ ಹುಡುಕೀನಿ. ಮುದುಕಿ ನನ್ನ ಮ್ಯಾಲ ಮಣ್ಣು ತೂರಿ ಕಳಸಿದ್ಲು." ಅವನು ಕೈ ಮುಗಿದ. "ನೀವು ಹೋಗೂಣು ಅಂದ್ರ ಹೋಗೂಣು. ಒಂದ ಮಾತು. ತಂಗಿ ಹೆಂಗ ಸಿಕ್ಕರೂ, ಎಲ್ಲಿ ಸಿಕ್ಕರೂ, ಪೋಲೀಸ್ರಿಗಿಂತ ಮೊದ್ಲು ನನಗ ಹೇಳ್ರಿ. ಮನಿ ಮರ್ಯಾದಿ."

ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ವ್ಯಾನಿನಲ್ಲಿ ಮಾತು ನಿಂತುಹೋಯಿತು. ಹತ್ತಿಯ ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡದ್ದು ತಪ್ಪಾಯಿತು. ಬಿಸಿಲಿಗೆ ಅದು ಚೀಲ ಬಿಟ್ಟು ಸೀಟಿನ ಮೇಲೆ ಬಂದು ಕೂತಿತು. ಮೂರು ಜನರ ನಡುವೆ ನಾಲ್ಕನೆಯವಳೊಬ್ಬಳು ಕೂತ ಹಾಗೆ.

ಸುಮ್ಮನಿರಲಾರದ ದಾದಾಪೀರ್ ಸುಕನ್ಯಾಳ ಅತ್ತೆಯ ದನಿ ತೆಗೆದ. ಬುಧವಾರ ಒಮ್ಮೆ ವಿಚಾರಿಸಲು ಹೋಗಿ ಬೈಸಿಕೊಂಡು ಬಂದಿದ್ದ. "ಎಲಾ ಇವನ! ನನ್ನ ಸೊಸಿ ಓಡಿ ಹೋದ್ಲು ಅಂತ ಕೇಳಾಕ ವ್ಯಾನ್ ತಗೊಂಡು ಬಂದೀಯೇನು? ಓಡಿ ಹೋದಾಕಿನ್ನ ಓಡಿ ಹಿಡಿಯಲೇ, ನನ್ನ ಕಟ್ಟಿ ಮ್ಯಾಲ ಯಾಕ ಕುಂತಿ!"

ಒಡೆದ ಕಂಚಿನಂಥ ಅದೇ ದನಿ, ಅದೇ ಏದುಸಿರು. ನಾಗಲಿಂಗಮ್ಮನಿಗೆ ನಗು ಬರಬೇಕಿತ್ತು. ಬರಲಿಲ್ಲ. ಸೊಸೆ ಓಡಿಹೋದಳೆಂದು ಇಷ್ಟು ಜೋರಾಗಿ, ಇಷ್ಟು ಜನರ ಮುಂದೆ ಹೇಳಿಕೊಳ್ಳುವ ಅತ್ತೆಯನ್ನು ಅವಳು ಈ ಸೀಮೆಯಲ್ಲಿ ನೋಡಿರಲಿಲ್ಲ. ಇಂಥ ಮಾತನ್ನು ಹೊದ್ದುಕೊಂಡು ಮಲಗುತ್ತಾರೆಯೇ ಹೊರತು ಕಟ್ಟೆಯ ಮೇಲೆ ಒಣಗಿಸುವುದಿಲ್ಲ.

ಮನೆ ಊರಿನ ಕೊನೆಯಲ್ಲಿತ್ತು. ಹಿತ್ತಲ ಆಚೆ ಹಿನ್ನೀರು, ತಗಡಿನ ಹಾಗೆ ಹೊಳೆಯುತ್ತಿತ್ತು. ನಡುಹಗಲಿನಲ್ಲೂ ಕಿಟಕಿಗಳೆಲ್ಲ ಮುಚ್ಚಿದ್ದವು.

"ನಾ ಬರಂಗಿಲ್ಲರಿ. ನನ್ನ ಮುಖ ನೋಡಿದ್ರ ಮುದುಕಿ ಬಾಯಿ ಬಿಡಂಗಿಲ್ಲ," ಎಂದು ಗುರುಬಸವರಾಜ ವ್ಯಾನಿನ ಪಕ್ಕದಲ್ಲೇ ನಿಂತ. ದಾದಾಪೀರ್ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹುಯ್ಯತೊಡಗಿದ.

ನಾಗಲಿಂಗಮ್ಮ ಒಬ್ಬಳೇ ಬಾಗಿಲು ತಟ್ಟಿದಳು.

ಬಹಳ ಹೊತ್ತಾದ ಮೇಲೆ ಬಸಲಿಂಗಮ್ಮ ತೆರೆದಳು. ತೆಳ್ಳನೆಯ, ಎತ್ತರದ ಮುದುಕಿ. ಹಣೆಯ ತುಂಬ ಮೂರು ಬೆರಳಿನ ವಿಭೂತಿ. ನಾಗಲಿಂಗಮ್ಮನ ಹೆಗಲ ಮೇಲಿಂದ ಬೀದಿಯನ್ನು ನೋಡಿದಳು, ಅವಳನ್ನು ಒಳಗೆ ಎಳೆದುಕೊಂಡಳು, ಬಾಗಿಲಿಗೆ ಅಗುಳಿ ಹಾಕಿದಳು.

"ಯಾಕ್ರಿ ಅಗಳಿ?"

"ನಾಯಿ ಬರ್ತಾವು."

ಕತ್ತಲೆಗೆ ಕಣ್ಣು ಹೊಂದಿಕೊಂಡಾಗ ನಾಗಲಿಂಗಮ್ಮ ಮೊದಲು ಕಂಡದ್ದು ಮುದುಕಿಯ ಬಲಗೈ. ಮಣಿಕಟ್ಟಿನಿಂದ ಬೆರಳಿನ ತುದಿಯವರೆಗೆ ಬಟ್ಟೆ ಸುತ್ತಿತ್ತು. ಅರಿಶಿನ ಸುಣ್ಣದ ಪಟ್ಟು ಅಂಚಿನಲ್ಲಿ ಒಣಗಿ ಒಡೆದಿತ್ತು.

ಬಲಗೈ ಊರಿದ್ಲು ಪಾಪ, ಎಂದಿದ್ದ ಕಂಡಕ್ಟರ್.

 ಅಗುಳಿ ಹಾಕಿದ ಬಾಗಿಲು ಬೆನ್ನ ಹಿಂದಿತ್ತು. ಎದುರಿಗೆ ಅಡಿಗೆ ಮನೆ. ಅದರ ಆಚೆ ಜೋಳದ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ ಗೋಡೆ. ಅದಕ್ಕೊರಗಿಸಿ ಇಟ್ಟ ಕೊಡಲಿ.

"ಕೈಗೇನಾತ್ರಿ ಯವ್ವಾ?"

"ಬಚ್ಚಲದಾಗ ಜಾರಿದೆ."

"ಬಚ್ಚಲದಾಗೋ, ಕೂಡ್ಲಿಗಿ ಬಸ್ ಸ್ಟ್ಯಾಂಡಿನ್ಯಾಗೋ?"

ಮುದುಕಿ ಎಡಗೈಯಲ್ಲಿ ತಂಬಿಗೆ ಎತ್ತಿ ನೀರು ಕೊಡಲು ಬಗ್ಗಿದಳು. ಅವಳ ಹಣೆ ಹತ್ತಿರ ಬಂತು.

ನಾಗಲಿಂಗಮ್ಮ ತಂಬಿಗೆ ಹಿಡಿಯುವುದನ್ನೇ ಮರೆತಳು. ಮಳೆ ನಿಂತ ಅಂಗಳದ ವಾಸನೆ. ಕರವಸ್ತ್ರದಲ್ಲಿದ್ದದ್ದೇ ಇದು. ಆದರೆ ಕರವಸ್ತ್ರದಲ್ಲಿ ಇಲ್ಲದ್ದೊಂದು ಇದರಲ್ಲಿತ್ತು, ಈಗಷ್ಟೇ ಸಿಪ್ಪೆ ಸುಲಿದ ಹಾಗೆ.

ನಿಂಬೆ.

"ಈಬತ್ತಿ ಯಾರು ಹಚ್ಚಿದ್ರು ನಿಮಗ?"

"ಯಾರು ಹಚ್ಚತಾರ? ನಾನ ಹಚ್ಕೊಂಡೆ."

"ಎಡಗೈಲೆ?"

ತಂಬಿಗೆ ಜಾರಿ ನೆಲಕ್ಕೆ ಬಿತ್ತು. ನೀರು ಇಬ್ಬರ ಕಾಲಿನ ನಡುವೆ ಹರಿಯಿತು. ಇಂಥ ಮನೆಯಲ್ಲಿ ಹುಟ್ಟಿ ಇಂಥ ಮನೆಗೆ ಬಂದ ಹೆಂಗಸು ವಿಭೂತಿಗೆ ಎಡಗೈ ತಾಗಿಸುವುದಿಲ್ಲ, ಬೆಂಕಿ ಬಿದ್ದರೂ. ಅದು ಬಸಲಿಂಗಮ್ಮನಿಗೂ ಗೊತ್ತಿತ್ತು, ಕೇಳಿದವಳಿಗೂ ಗೊತ್ತಿತ್ತು.

"ಬಲಗೈ ಎತ್ತಾಕ ಬರಂಗಿಲ್ಲ. ಎಡಗೈ ಹಚ್ಚಂಗಿಲ್ಲ. ಈ ಮನ್ಯಾಗ ನೀವು ಒಬ್ಬರ ಇದ್ದೀರಿ ಅಂತ ಊರು ಹೇಳತೈತಿ. ಹಂಗಾರ ಇವತ್ತು ಮುಂಜಾನಿ ನಿಮ್ಮ ಹಣಿ ಮುಟ್ಟಿದ ಕೈ ಯಾರ್ದು?"

"ಹೊರಗ ನಡಿ." ಮುದುಕಿಯ ದನಿ ಒಡೆದ ಕಂಚಿನಂತಿರಲಿಲ್ಲ. ಉಸಿರಿನಷ್ಟೇ ಇತ್ತು. "ನಿನ್ನ ಕಾಲಿಗೆ ಬೀಳ್ತೀನಿ, ನಡಿ."

"ಆಕಿ ಸೀರಿ ಉಟ್ಟು ಬಸ್ ಹತ್ತಿದಾಕಿ ನೀವ."

"ಹೌದು, ನಾನ! ಏನೀಗ?" ಎಡಗೈ ನಾಗಲಿಂಗಮ್ಮನ ರಟ್ಟೆಯನ್ನು ಹಿಡಿಯಿತು. ಹಿಡಿತ ಬಿಗಿಯಾಗಿತ್ತು, ಆದರೆ ಹೆದರಿಸುವವರ ಹಿಡಿತವಲ್ಲ, ಮುಳುಗುವವರದ್ದು. "ಊರು ಬಿಟ್ಟು ಹೋದ್ಲು ಅಂತ ಎಲ್ಲಾರೂ ನಂಬಬೇಕಿತ್ತು. ಆಕಿ ಚೀಲದಾಗ ಸೀಸಿ ಸಿಕ್ತು. ನನಗ ಗೊತ್ತಿಲ್ಲ ಅಂತ ತಿಳಕೊಂಡಿದ್ಲು ಹುಚ್ಚಿ, ಸೊಸಿ ಬಂದ್ರ ಘಮ್ ಅಂತಿದ್ದಿದ್ದು ನನಗ ಗೊತ್ತಿಲ್ಲೇನು? ಅರ್ಧ ಸೀಸಿ ಸೀರಿಗೆ ಸುರಕೊಂಡೆ."

"ಅಲ್ಲೇ ತಪ್ಪಿದ್ರಿ ಯವ್ವಾ. ಆಕಿ ಸೀರಿಗೆ ಹಚ್ತಿರಲಿಲ್ಲ."

"ಮತ್ತ?"

ನಾಗಲಿಂಗಮ್ಮ ಅವಳ ಹಣೆಯನ್ನು ನೋಡಿದಳು.

ಬಸಲಿಂಗಮ್ಮ ಎಡಗೈ ಎತ್ತಿದಳು, ನೆನಪಾಗಿ ಇಳಿಸಿದಳು.  "ಈಬತ್ತ್ಯಾಗ?" ಎಂದಳು. "ಶಿವನ ಈಬತ್ತ್ಯಾಗ ಅತ್ತರಾ?"

"ತಪ್ಪಾತ್ರಿ ಅತ್ತಿ."

ಮಾತು ಬಂದದ್ದು ಜೋಳದ ಚೀಲಗಳ ಹಿಂದಿನಿಂದ.

ನಾಗಲಿಂಗಮ್ಮನ ಎದೆ ಒಮ್ಮೆಲೇ ಹಗುರಾಯಿತು. ಚೀಲಗಳ ಒಂದು ಬದಿಯಲ್ಲಿ ಕೈ ತೂರುವಷ್ಟು ಸಂದಿಯಿತ್ತು. ಅದರೊಳಗೆ ಕಾಳಿನ ಕೋಣೆಯ ಗಿಡ್ಡ ಬಾಗಿಲು, ಬಾಗಿಲಿನ ಬಿರುಕಿನಲ್ಲಿ ಒಂದು ಕಣ್ಣು. ಚಿಲಕ ಹಾಕಿದ್ದು ಒಳಗಿನಿಂದ.

"ಸುಕನ್ಯಾ! ಯವ್ವಾ, ಜೀವಂತ ಅದೀಯಲ್ಲ! ಹೆದರಬ್ಯಾಡ, ಹೊರಗ ಬಾ. ನಾ ನಾಗಲಿಂಗಮ್ಮ, ಕೂಡ್ಲಿಗ್ಯಾಕಿ. ನಿನ್ನ ಹುಡುಕಾಕ ನಿಮ್ಮಣ್ಣನ ನನ್ನ..."

ಬಿರುಕಿನಲ್ಲಿದ್ದ ಕಣ್ಣು ಮಾಯವಾಯಿತು.

ಬಸಲಿಂಗಮ್ಮ ಗೋಡೆಗೆ ಆತು ಕುಸಿದು ಕೂತಳು.

"ಅಣ್ಣನ್ನ ಕರಕೊಂಡು ಬಂದ್ರೇನ್ರಿ?" ಒಳಗಿನ ದನಿ ಈಗ ಪಿಸುಮಾತಾಗಿತ್ತು. "ಎಲ್ಲಿ ಅದಾನ? ಎಷ್ಟು ದೂರ ಅದಾನ?"

"ಹೊರಗ, ವ್ಯಾನಿನ ಹತ್ರ. ಯಾಕ?"

"ನನ್ನ ಗಂಡ ಜಾರಿ ಬಿದ್ದಿಲ್ಲರಿ ಅಕ್ಕಾರ. ಪಂಪ್‌ಸೆಟ್ ಹತ್ರ ಇಬ್ರಿದ್ರು. ತಲಿ ಹಿಡದು ನೀರಾಗ ಒತ್ತಿದಾವ ನಮ್ಮಣ್ಣ. ನಾ ಬುತ್ತಿ ತಗೊಂಡು ಹೋದಾಕಿ ಏರಿ ಮ್ಯಾಲಿಂದ ನೋಡಿದೆ. ಬಾಯಿ ಬಿಡಾಕ ಧೈರ್ಯ ಸಾಲಲಿಲ್ಲ. ಈ ಸೋಮವಾರ ಮುಂಜಾನಿ ಅತ್ತಿ ಮುಂದ ಅಳಕೊಂತ ಹೇಳಿಬಿಟ್ಟೆ. ಅವಾ ಆಗ ಹಿತ್ತಲದಾಗ ನಿಂತಿದ್ದಾ. ಎಲ್ಲಾ ಕೇಳಿಸಿಕೊಂಡು ಸುಮ್ನ ಹೋದ. ಮತ್ತ ಬರ್ತಾನ ಅಂತ ಅತ್ತಿ ನನ್ನ ಇಲ್ಲಿ ಇಟ್ಟು..."

ನಾಗಲಿಂಗಮ್ಮನಿಗೆ ಕಾಲಡಿಯ ನೀರು ಈಗ ತಣ್ಣಗೆ ತಾಗಿತು. ನಾಲ್ಕು ದಿನ ನಿದ್ದೆಗೆಟ್ಟ ಕೆಂಪು ಕಣ್ಣು. ಪೋಲೀಸರಿಗಿಂತ ಮೊದಲು ನನಗೆ ಹೇಳಿ. ಅವನಿಗೆ ಸಿಗದವಳನ್ನು ಹುಡುಕಿಕೊಡಲು ಅವನು ಒಂದು ಮೂಗನ್ನು ಕೊಂಡಿದ್ದ. ಆ ಮೂಗು ಅವನನ್ನು ನೇರವಾಗಿ ಈ ಕೋಣೆಯ ಮುಂದೆ ತಂದು ನಿಲ್ಲಿಸಿತ್ತು.

ಅವಳು ಸದ್ದಾಗದಂತೆ ಮುಂಬಾಗಿಲಿನ ಕಿಂಡಿಗೆ ಕಣ್ಣಿಟ್ಟಳು. ಬಿಸಿಲು. ವ್ಯಾನು. ಎತ್ತಿದ ಬಾನೆಟ್ಟಿನೊಳಗೆ ತಲೆ ತೂರಿಸಿದ ದಾದಾಪೀರ್, ತನ್ನಷ್ಟಕ್ಕೆ ಯಾರದ್ದೋ ದನಿಯಲ್ಲಿ ಹಾಡಿಕೊಳ್ಳುತ್ತಿದ್ದ.

ವ್ಯಾನಿನ ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ.

ಹಿತ್ತಲ ಬಾಗಿಲ ಮೇಲೆ ಬೆರಳಿನ ಗೆಣ್ಣು ಮೆಲ್ಲಗೆ ಬಡಿಯಿತು.

"ಅಕ್ಕಾರ." ಗುರುಬಸವರಾಜನ ದನಿ ಎಂದಿನಂತೆಯೇ ಮೆತ್ತಗಿತ್ತು. "ತಂಗಿ ಸಿಕ್ಕಳೇನ್ರಿ?"

ಬಸಲಿಂಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಚೀಲಗಳ ಹಿಂದೆ ಉಸಿರಾಟವೂ ನಿಂತಿತು. ನಾಗಲಿಂಗಮ್ಮ ಕೊಡಲಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು, ದನಿಯನ್ನು ಹದಕ್ಕೆ ತಂದುಕೊಂಡಳು.

"ಇಲ್ರಿ ಗುರುಬಸವರಾಜ. ಇಲ್ಲಿ ಯಾರೂ ಇಲ್ಲ, ಮುದುಕಿ ಒಬ್ಬಾಕಿನ ಅದಾಳ."

ಬಾಗಿಲ ಆಚೆಯಿಂದ ಹಲಗೆಗೆ ಹೆಗಲು ಒರಗಿದ ಸದ್ದಾಯಿತು.

"ಹೌದ್ರಾ?" ಎಂದ ಅವನು. "ಹಂಗಾರ 'ಜೀವಂತ ಅದೀಯಲ್ಲ' ಅಂತ ಯಾರಿಗೆ ಅಂದ್ರಿ?"